ನೆರೆ ಬಂದಾಗ ವಿದೇಶದ ನೆರವನ್ನು ಹೊಂದಿಸಿಕೊಳ್ಳುವ ಬಗೆ

2019ರ ಆಗಸ್ಟ್‌ನಲ್ಲಿ ಕಬಿನಿಯ ಹೊರಹರಿವು ಲಕ್ಷ ಕ್ಯುಸೆಕ್ ದಾಟಿ ನಂಜನಗೂಡಿನ ಬಳಿ ಊಟಿ ಹೆದ್ದಾರಿ ಮುಳುಗಿತ್ತು. ವಾತಾವರಣದ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹೀಗಾಗಿ ವಯನಾಡು, ಕೊಡಗುಗಳಲ್ಲಿ ಅಲ್ಪ ಅವಧಿಯಲ್ಲೇ ಭಾರಿ ಮಳೆ ಸುರಿದು ನದಿಪಾತ್ರದ ಊರುಗಳಿಗೆ ನೀರು ನುಗ್ಗುವ ಸಂಭವ ಹೆಚ್ಚುತ್ತಿದೆ. ಅಂತಹ ದಿನಗಳಲ್ಲಿ ಹೊರದೇಶದ ಬಂಧುಗಳು, ಕನ್ನಡ ಸಂಘಗಳು ‘ಏನು ಕಳುಹಿಸೋಣ’ ಎಂದು ಕೇಳಿದರೆ ಕೊಡಬೇಕಾದ ಉತ್ತರವನ್ನು ಮೈಸೂರು, ಮಂಡ್ಯದ ಸಂಘ ಸಂಸ್ಥೆಗಳು ಮುಂಗಾರಿಗೆ ಮೊದಲೇ ಸಿದ್ಧಪಡಿಸಿಕೊಳ್ಳಬೇಕು.

ಮೊದಲು ಹಣದ ದಾರಿಯನ್ನು ಖಚಿತಪಡಿಸಿಕೊಳ್ಳಿ. 2004ರ ಸುನಾಮಿಯ ನಂತರ ಭಾರತ ಸರ್ಕಾರವು ವಿದೇಶಿ ಸರ್ಕಾರಗಳ ಮುಂದೆ ನೆರವಿನ ಮನವಿ ಇಡುತ್ತಿಲ್ಲ. ಅವು ತಾವಾಗಿ ಮುಂದೆ ಬಂದರೆ ನಿರ್ಧಾರ ಕೇಂದ್ರದ್ದು. ಆದ್ದರಿಂದ ಸ್ಥಳೀಯ ಸಂಘಗಳು ರಾಯಭಾರ ಕಚೇರಿಗಳಿಗೆ ಪತ್ರ ಬರೆಯುತ್ತಾ ಕಾಲ ಕಳೆಯಬಾರದು. ಖಾಸಗಿ ದೇಣಿಗೆಗೆ 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅನ್ವಯಿಸುತ್ತದೆ. ನೋಂದಣಿ ಅಥವಾ ಪೂರ್ವಾನುಮತಿ ಪಡೆದ ಸಂಸ್ಥೆ ಮಾತ್ರ, ಅದೂ ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯ ಮೂಲಕವೇ, ಈ ಹಣವನ್ನು ಪಡೆಯಬಹುದು. 2020ರ ತಿದ್ದುಪಡಿಯ ಬಳಿಕ ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಎಂದರೆ, ಹಣ ಪಡೆದ ಸಂಸ್ಥೆಯೇ ಹಳ್ಳಿಯಲ್ಲಿ ನಿಂತು ಕೆಲಸ ಮಾಡಬೇಕಾಗುತ್ತದೆ; ಹೆಸರಿಗಷ್ಟೇ ಇರುವ ಸಂಸ್ಥೆಯನ್ನು ಆರಿಸಿಕೊಂಡರೆ ಪ್ರಯೋಜನವಿಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆಯಲ್ಲ, ವಿದೇಶಿ ಪೌರತ್ವ ಪಡೆದವರದು ಹೌದು. ಆದ್ದರಿಂದ ದಾನಿಯ ಪೌರತ್ವವನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಎರಡನೆಯದು ಅಗತ್ಯಗಳ ಪಟ್ಟಿ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳವೇ ಇದು. ದಾನಿಯ ಮನೆಯಲ್ಲಿ ಏನು ಹೆಚ್ಚಾಗಿದೆ ಎಂಬುದರಿಂದಲ್ಲ, ಸಂತ್ರಸ್ತರು ತಂಗುವ ಕಾಳಜಿ ಕೇಂದ್ರದಲ್ಲಿ ಏನು ಕಡಿಮೆಯಿದೆ ಎಂಬುದರಿಂದ ಪಟ್ಟಿ ಹುಟ್ಟಬೇಕು. ಪರಿಹಾರ ಕಾರ್ಯಗಳಿಗೆಂದು ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಸ್ಫಿಯರ್ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಮಂದಿಗೆ ಒಂದು ಶೌಚಾಲಯ ಬೇಕು. ಶಾಲೆಯೊಂದರಲ್ಲಿ 300 ಜನ ತಂಗಿದ್ದರೆ 4,500 ಲೀಟರ್ ನೀರು, 15 ಶೌಚಾಲಯಗಳು ಎಂದಾಯಿತು. ಆ ಶಾಲೆಯಲ್ಲಿ ಎಷ್ಟಿವೆ ಎಂದು ಎಣಿಸಿ, ಕೊರತೆಯನ್ನಷ್ಟೇ ಬರೆಯಿರಿ. ಬಾಣಂತಿಯರು, ಸಕ್ಕರೆ ಕಾಯಿಲೆಯ ಔಷಧ ಬೇಕಾದವರು, ಒಂಟಿ ವೃದ್ಧರು ಯಾವ ಬೀದಿಯವರೆಂಬುದು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠವಾಗಿರುತ್ತದೆ; ಅವರನ್ನು ಕೂರಿಸಿಕೊಂಡೇ ಪಟ್ಟಿ ಮಾಡಿ. ದನಗಳಿಗೆ ಎತ್ತರದ ಜಾಗ ಮತ್ತು ಒಣಮೇವು ಸಿಗದಿದ್ದರೆ ಎಷ್ಟೋ ರೈತರು ಮನೆ ಬಿಟ್ಟು ಕದಲುವುದಿಲ್ಲವಾದ್ದರಿಂದ ಮೇವನ್ನು ಪಟ್ಟಿಯ ಕೊನೆಗೆ ತಳ್ಳಬೇಡಿ.

ಸಾಮಗ್ರಿಗಿಂತ ಹಣವೇ ಮೇಲು. ಅಕ್ಕಿ, ಹೊದಿಕೆ, ಪಾತ್ರೆಗಳು ಮಂಡ್ಯದ ಅಂಗಡಿಗಳಲ್ಲೇ ಸಿಗುತ್ತವೆ; ಕೊಂಡರೆ ವ್ಯಾಪಾರ ಕಳೆದುಕೊಂಡ ಇಲ್ಲಿನವರಿಗೂ ಆಸರೆಯಾಗುತ್ತದೆ. ಶಿಶುಗಳ ಹಾಲಿನ ಪುಡಿ ಮತ್ತು ಹಾಲೂಡಿಸುವ ಬಾಟಲಿಗಳನ್ನು ನಯವಾಗಿ ನಿರಾಕರಿಸಿ. ನೆರೆಯ ನೀರಿನಲ್ಲಿ ಕಲಸಿದ ಪುಡಿ ಕೂಸಿಗೆ ಅಪಾಯ; ಮೇಲಾಗಿ ಅನಾಥಾಲಯಗಳಿಗೆ ಹೊರತಾಗಿ ಅವುಗಳ ದಾನವನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ, ದಾನವಾಗಿ ಬರುವ ಔಷಧಗಳಿಗೆ ಇಲ್ಲಿ ತಲುಪುವ ಹೊತ್ತಿಗೆ ಸಾಮಾನ್ಯವಾಗಿ ಒಂದು ವರ್ಷವಾದರೂ ಅವಧಿ ಉಳಿದಿರಬೇಕು.

ಇನ್ನು ಹಂಚಿಕೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗಿರುವುದರಿಂದ ನಿಮ್ಮ ಪಟ್ಟಿಯ ಪ್ರತಿಯನ್ನು ಅಲ್ಲಿಗೂ ತಹಶೀಲ್ದಾರರಿಗೂ ಕೊಡಿ. ವಿಶ್ವಸಂಸ್ಥೆ 2005ರಿಂದ ನೀರು, ಆಶ್ರಯ, ಆರೋಗ್ಯ ಎಂದು ವಿಷಯವಾರು ಒಂದೊಂದು ಮುಂದಾಳು ಸಂಸ್ಥೆಯನ್ನು ಗೊತ್ತುಮಾಡುವ ಪದ್ಧತಿ ಅನುಸರಿಸುತ್ತಿದೆ. ಅದನ್ನೇ ತಾಲ್ಲೂಕಿಗೆ ಇಳಿಸಿ: ಒಂದು ಸಂಘಕ್ಕೆ ನೀರು, ಇನ್ನೊಂದಕ್ಕೆ ಅಡುಗೆ, ಮತ್ತೊಂದಕ್ಕೆ ಜಾನುವಾರು. ಪ್ರತಿದಿನ ಸಂಜೆ ಒಂದೆಡೆ ಸೇರಿ ಯಾವ ಊರಿಗೆ ಏನು ಹೋಯಿತು ಎಂದು ಗುರುತು ಹಾಕಿದರೆ, ಹೆದ್ದಾರಿ ಬದಿಯ ಊರಿಗೆ ಮೂರು ಲಾರಿ ಬಂದು ಒಳಗಿನ ಊರಿಗೆ ಒಂದೂ ಹೋಗದಿರುವ ಅನ್ಯಾಯ ತಪ್ಪುತ್ತದೆ.

ಬಂದ ಹಣವನ್ನೆಲ್ಲ ಮೊದಲ ವಾರದಲ್ಲೇ ಮುಗಿಸಬೇಡಿ. ಗೋಡೆ ಎತ್ತಲು, ಭತ್ತದ ಪೈರು ಮತ್ತೆ ನಾಟಲು ಹಣ ಬೇಕಾಗುವುದು ನೀರು ಇಳಿದ ಮೇಲೆ. ರಸೀದಿಗಳನ್ನು ಊರುವಾರು ಜೋಡಿಸಿಟ್ಟು, ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ ವಿದೇಶಿ ದೇಣಿಗೆಯ ವಾರ್ಷಿಕ ಲೆಕ್ಕವಾದ ಎಫ್‌ಸಿ–4 ವಿವರಪಟ್ಟಿಯನ್ನು ಸರ್ಕಾರಕ್ಕೆ ಸಲ್ಲಿಸಿ, ಅದೇ ಲೆಕ್ಕವನ್ನು ದಾನಿಗಳಿಗೂ ಕಳುಹಿಸಿ.