ಸಾಗರ ವೀಕ್ಷಣೆಯ ಮಸೂದೆಯಲ್ಲಿ ಹಣ ಎಲ್ಲಿದೆ ಎಂದು ಹುಡುಕುವ ಬಗೆ

ಅಮೆರಿಕದ ಕರಾವಳಿ ಮತ್ತು ಸಾಗರ ವೀಕ್ಷಣಾ ವ್ಯವಸ್ಥೆಯನ್ನು ಆಧುನೀಕರಿಸುವ ಮಸೂದೆ ಮಂಡನೆಯಾಯಿತೆಂಬ ಸುದ್ದಿಯ ತಲೆಬರಹದಲ್ಲಿ ಕೋಟಿಗಟ್ಟಲೆ ಡಾಲರುಗಳ ಅಂಕಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಅಂಕಿ ಹಣವಲ್ಲ, ಹಣ ಕೊಡಲು ಹಾಕಿಕೊಂಡ ಮಿತಿ. ಅಲ್ಲಿ ನೆಲೆಸಿರುವ ಕನ್ನಡಿಗರಾಗಲಿ, ಇಲ್ಲಿಂದಲೇ ಕುತೂಹಲದಿಂದ ಗಮನಿಸುವವರಾಗಲಿ, ಮಸೂದೆಯನ್ನು ಓದುವಾಗ ಈ ಭೇದವನ್ನು ಮರೆಯಬಾರದು.

ಮೊದಲು ಮೂಲ ಕಾಯ್ದೆಯನ್ನು ತೆರೆದಿಟ್ಟುಕೊಳ್ಳಿ. ಅಧ್ಯಕ್ಷ ಒಬಾಮಾ 2009ರ ಮಾರ್ಚ್ 30ರಂದು ಸಹಿ ಹಾಕಿದ, ಸಾರ್ವಜನಿಕ ಭೂಮಿಗೆ ಸಂಬಂಧಿಸಿದ ಒಂದು ಬೃಹತ್ ಕಾಯ್ದೆಯ ಒಳಗೆ ಸಮಗ್ರ ಕರಾವಳಿ ಮತ್ತು ಸಾಗರ ವೀಕ್ಷಣಾ ವ್ಯವಸ್ಥೆಯ ಕಾಯ್ದೆ ಅಡಗಿದೆ. ಅನಂತರದ ಮಸೂದೆಗಳು ಬಹುಮಟ್ಟಿಗೆ ಇದರ ತಿದ್ದುಪಡಿಗಳೇ ಆಗಿರುವುದರಿಂದ, ‘ಇಂಥ ಪದವನ್ನು ತೆಗೆದು ಇಂಥ ಪದವನ್ನು ಸೇರಿಸತಕ್ಕದ್ದು’ ಎಂಬ ಧಾಟಿಯಲ್ಲಿ ಸಾಗುತ್ತವೆ. ಪಕ್ಕದಲ್ಲಿ ಮೂಲವಿಲ್ಲದಿದ್ದರೆ ಅವುಗಳಿಂದ ಏನೂ ತಿಳಿಯುವುದಿಲ್ಲ.

ಬಳಿಕ ಧನವಿನಿಯೋಗಕ್ಕೆ ಅಧಿಕಾರ ನೀಡುವ ಕಲಮಿಗೆ ನೇರವಾಗಿ ಹೋಗಿ. ಅದು ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಮೂಲ ಕಾಯ್ದೆ ಕೊಟ್ಟಿದ್ದ ಈ ಅಧಿಕಾರ 2013ಕ್ಕೆ ಮುಗಿದಿತ್ತು. ಅದನ್ನು ನವೀಕರಿಸಿದ್ದು 2020ರ ಕೊನೆಯಲ್ಲಿ. ನಡುವಿನ ಏಳು ವರ್ಷ ಸಮುದ್ರದಲ್ಲಿ ತೇಲುತ್ತಾ ಅಳತೆ ಮಾಡುವ ಉಪಕರಣಗಳಾದ ಬೋಯ್‌ಗಳು ತೇಲುತ್ತಲೇ ಇದ್ದವು, ಏಕೆಂದರೆ ವಾರ್ಷಿಕ ವಿನಿಯೋಗ ಕಾಯ್ದೆಗಳ ಮೂಲಕ ಹಣ ಬರುತ್ತಲೇ ಇತ್ತು. ಇದಕ್ಕೆ ತದ್ವಿರುದ್ಧವಾಗಿ, ನವೀಕರಣವು 2025ರ ಹಣಕಾಸು ವರ್ಷಕ್ಕೆ 5.6 ಕೋಟಿ ಡಾಲರ್‌ವರೆಗೆ ಅವಕಾಶ ನೀಡಿದರೂ, ಪ್ರಾದೇಶಿಕ ವೀಕ್ಷಣೆಗೆ ಕೈಗೆ ಬಂದ ಮೊತ್ತ ಆ ಮಟ್ಟವನ್ನು ಮುಟ್ಟಲಿಲ್ಲ.

ಹಾಗಾದರೆ ನಿಜವಾದ ಮೊತ್ತ ಸಿಗುವುದೆಲ್ಲಿ? ಅಲ್ಲಿನ ಕಾಂಗ್ರೆಸ್ಸಿನಲ್ಲಿ (ಪಕ್ಷವಲ್ಲ, ಸಂಸತ್ತು) ವಾಣಿಜ್ಯ ಮತ್ತು ನ್ಯಾಯ ಇಲಾಖೆಗಳ ಹಾಗೂ ವಿಜ್ಞಾನ ಸಂಸ್ಥೆಗಳ ವಿನಿಯೋಗ ಉಪಸಮಿತಿ ಎರಡೂ ಸದನಗಳಲ್ಲಿದೆ. ಸಾಗರ ಮತ್ತು ವಾಯುಮಂಡಲದ ಸಂಸ್ಥೆಯಾದ ನೋವಾ ವಾಣಿಜ್ಯ ಇಲಾಖೆಗೆ ಸೇರಿದ್ದರಿಂದ, ಈ ಉಪಸಮಿತಿಗಳ ವರದಿಯ ಕೋಷ್ಟಕದಲ್ಲಿ ‘ಪ್ರಾದೇಶಿಕ ವೀಕ್ಷಣೆ’ ಎಂಬ ಸಾಲನ್ನು ಹುಡುಕಬೇಕು. ಅಧ್ಯಕ್ಷರ ಕೋರಿಕೆ, ಪ್ರತಿನಿಧಿ ಸಭೆಯ ಅಂಕಿ, ಸೆನೆಟ್ಟಿನ ಅಂಕಿ ಮತ್ತು ಅಂತಿಮ ಕಾಯ್ದೆಯ ಅಂಕಿ, ಇವು ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. 2026ರ ಹಣಕಾಸು ವರ್ಷದ ಕೋರಿಕೆಯಲ್ಲಿ ಈ ಬಾಬಿಗೆ ಹಣವನ್ನೇ ಕೇಳಿರಲಿಲ್ಲ. ಕೋರಿಕೆಯೊಂದನ್ನೇ ನೋಡಿದವರು ಯೋಜನೆ ಮುಗಿಯಿತೆಂದುಕೊಳ್ಳುತ್ತಾರೆ. ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ, ಆದರೆ ಅಷ್ಟರೊಳಗೆ ಕಾಯ್ದೆ ಸಿದ್ಧವಾಗುವುದು ಅಪರೂಪ.

‘ಆಧುನೀಕರಣ’ ಎಂಬ ಮಾತನ್ನು ಕ್ರಿಯಾಪದಗಳಿಂದ ಅಳೆಯಿರಿ. ‘ಮಾಡತಕ್ಕದ್ದು’ ಎಂದಿದ್ದರೆ ಹೊಣೆ, ‘ಮಾಡಬಹುದು’ ಎಂದಿದ್ದರೆ ಬಯಕೆ. ಹನ್ನೊಂದು ಪ್ರಾದೇಶಿಕ ಸಂಘಗಳು ಈ ಜಾಲವನ್ನು ನಡೆಸುತ್ತವೆ. ದಡದಲ್ಲಿ ನೆಟ್ಟ ಆಂಟೆನಾಗಳಿಂದ ಸಮುದ್ರದ ಮೇಲ್ಮೈ ಪ್ರವಾಹವನ್ನು ಅಳೆಯುವ ರೇಡಾರ್‌ಗಳ ದತ್ತಾಂಶವನ್ನು ಕರಾವಳಿ ರಕ್ಷಣಾ ಪಡೆ ನೀರಿಗೆ ಬಿದ್ದವರನ್ನು ಎಲ್ಲಿ ಹುಡುಕಬೇಕೆಂದು ಲೆಕ್ಕಹಾಕಲು ಬಳಸುತ್ತದೆ. ಇಂಥ ಉಪಕರಣವನ್ನು ಕೊಳ್ಳುವುದಕ್ಕಿಂತ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಉಳಿಸಿಕೊಳ್ಳುವುದೇ ಕಷ್ಟ. ಬೋಯ್‌ಗೆ ಚಿಪ್ಪುಜೀವಿಗಳು ಅಂಟುತ್ತವೆ, ಸೆನ್ಸಾರ್ ಕೆಡುತ್ತದೆ, ಬದಲಿಸಲು ಹಡಗು ಬೇಕು. ಆದ್ದರಿಂದ ಹೊಸ ತಂತ್ರಜ್ಞಾನದ ಹೊಗಳಿಕೆಯನ್ನು ದಾಟಿ, ನಿರ್ವಹಣೆ ಎಂಬ ಪದ ಮಸೂದೆಯಲ್ಲಿ ಎಲ್ಲಿದೆ ಎಂದು ನೋಡುವುದೇ ನನ್ನ ಪ್ರಕಾರ ಮುಖ್ಯ ಪರೀಕ್ಷೆ. ಹೊಣೆಗಾರಿಕೆಯ ಕಲಮನ್ನೂ ಬಿಡಬೇಡಿ: ನೋವಾದ ಪ್ರಮಾಣೀಕರಣ ಪಡೆದ ಪ್ರಾದೇಶಿಕ ಸಂಘಕ್ಕೆ, ತಾನು ಹಂಚಿದ ದತ್ತಾಂಶದ ಕಾರಣದಿಂದ ಬರಬಹುದಾದ ದಾವೆಗಳಲ್ಲಿ ಕಾನೂನಿನ ರಕ್ಷಣೆ ದೊರೆಯುವುದು ಅದರಿಂದಲೇ. ಕಾಂಗ್ರೆಸ್ಸಿನ ಎರಡು ವರ್ಷದ ಅವಧಿ ಮುಗಿಯುವುದರೊಳಗೆ ಅಂಗೀಕಾರವಾಗದ ಮಸೂದೆ ಬಿದ್ದುಹೋಗುತ್ತದೆ. ಮುಂದಿನ ಸಲ ಅದು ಹೊಸ ಸಂಖ್ಯೆ ಹೊತ್ತು ಬರುತ್ತದೆ.

ಇದೇ ಎಚ್ಚರ ನಮ್ಮಲ್ಲಿಯೂ ಬೇಕು. ಸಾಗರ ವೀಕ್ಷಣೆಯೂ ಸೇರಿರುವ, ಭೂ ವಿಜ್ಞಾನ ಸಚಿವಾಲಯದ ‘ಪೃಥ್ವಿ’ ಯೋಜನೆಗೆ 2021–26ರ ಅವಧಿಗೆ 4,797 ಕೋಟಿ ರೂಪಾಯಿ ವೆಚ್ಚವನ್ನು ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2024ರ ಜನವರಿಯಲ್ಲಿ. ಮಲ್ಪೆಯ ಬೋಟಿನವರಿಗೆ ಭಾರೀ ಅಲೆಗಳ ಮುನ್ನೆಚ್ಚರಿಕೆ ಕೊಡುವ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವಾದ ಇನ್‌ಕಾಯ್ಸ್ ಕೂಡ ಇದೇ ಸಚಿವಾಲಯದ್ದು. ಈ ಯೋಜನೆಯಲ್ಲಿ ನಿಜವಾಗಿ ಎಷ್ಟು ಖರ್ಚಾಯಿತೆಂದು ತಿಳಿಯಲು, ಪ್ರತಿ ವರ್ಷದ ಬಜೆಟ್ ಪುಸ್ತಕದಲ್ಲಿ ಸಚಿವಾಲಯದ ಪುಟ ತೆರೆದು, ಎರಡು ವರ್ಷ ಹಿಂದಿನ ವಾಸ್ತವಿಕ ವೆಚ್ಚದ ಕಾಲಮನ್ನು ಅಂದಿನ ಅಂದಾಜಿನ ಜೊತೆ ಹೋಲಿಸಿ.