ಲಂಗರು ಹಾಕಿದ ಹಾಯಿದೋಣಿಗೆ ರಾತ್ರಿ ದೀಪ: ಎಂಥದ್ದು, ಎಲ್ಲಿ

ಗೋವಾದಿಂದ ಕೊಚ್ಚಿಯತ್ತ ಇಳಿಯುವ ಹಾಯಿದೋಣಿ ಕಾರವಾರದ ಕೊಲ್ಲಿಯಲ್ಲೋ ಯಾವುದಾದರೂ ಅಳಿವೆಯ ಹೊರಗೋ ಲಂಗರು ಹಾಕಿದರೆ, ಬೆಳಕು ಹರಿಯುವ ಮೊದಲೇ ಅದೇ ನೀರಿನಲ್ಲಿ ನಾಡದೋಣಿಗಳು ಮೀನಿಗೆ ಹೊರಡುತ್ತವೆ. ಚುಕ್ಕಾಣಿ ಹಿಡಿದವನ ಕಣ್ಣು ನೀರಿನಿಂದ ಎರಡು ಮೀಟರ್ ಮೇಲಿರುತ್ತದೆ, ನೋಟ ಎದುರಿನ ನೀರಿನ ಮೇಲೆ. ನಿಮ್ಮ ದೀಪ 15 ಮೀಟರ್ ಎತ್ತರದ ಕೂವೆಕಂಬದ ತುದಿಯಲ್ಲಿದ್ದರೆ ದೂರಕ್ಕೆ ಅದು ನಕ್ಷತ್ರಗಳ ನಡುವೆ ಇನ್ನೊಂದು ನಕ್ಷತ್ರ. ಹತ್ತಿರ ಬಂದಾಗ ಅವನ ನೋಟಕ್ಕಿಂತ ಎಷ್ಟೋ ಮೇಲೆ. ಅಪಾಯವಿರುವುದು ಈ ಕೊನೆಯ ನೂರು ಮೀಟರಿನಲ್ಲೇ.

ದೀಪ ತುದಿಯಲ್ಲೇ ಇರಬೇಕೆಂದು ನಿಯಮ ಹೇಳುವುದಿಲ್ಲ. 1972ರ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳಲ್ಲಿ 30ನೆಯದರ ಪ್ರಕಾರ, 50 ಮೀಟರಿಗಿಂತ ಚಿಕ್ಕ ದೋಣಿಗೆ ಸುತ್ತಲೂ ಕಾಣುವ ಒಂದು ಬಿಳಿ ದೀಪ ಸಾಕು, ಅದು ಚೆನ್ನಾಗಿ ಕಾಣುವ ಕಡೆ ಇರಬೇಕು. 2 ನಾಟಿಕಲ್ ಮೈಲಿಗೆ, ಅಂದರೆ 3.7 ಕಿ.ಮೀ.ಗೆ ಕಾಣಬೇಕು, ಅದಕ್ಕೆ ಕನಿಷ್ಠ 4.3 ಕ್ಯಾಂಡೆಲಾ ಬೆಳಕು ಬೇಕು. ಕೆಳಗೆ ಕಟ್ಟಿದರೆ ದೂರ ಕಡಿಮೆಯಾಗುತ್ತದೆಂಬ ಭಯ ಬೇಡ. ನೀರಿನಿಂದ 3 ಮೀಟರ್ ಮೇಲಿನ ದೀಪಕ್ಕೂ 2 ಮೀಟರ್ ಮೇಲಿನ ಕಣ್ಣಿಗೂ ನಡುವೆ ಭೂಮಿಯ ಬಾಗು ಅಡ್ಡ ಬರುವುದು ಆರು ನಾಟಿಕಲ್ ಮೈಲಿ ದಾಟಿದ ಮೇಲೆ.

ಹಾಗಾಗಿ ದೀಪವನ್ನು ಕಂಬದ ಮುಂದೆ, ಮುಂಗಟ್ಟಿನ ತಂತಿಯ (ಕಂಬದಿಂದ ದೋಣಿಯ ಮೂತಿಗೆ ಬಿಗಿದ ತಂತಿ) ಬಳಿ, ನೀರಿನಿಂದ 3 ಮೀಟರ್ ಎತ್ತರಕ್ಕೆ ಹಾಯಿ ಏರಿಸುವ ಹಗ್ಗದಿಂದಲೇ ಎಳೆದು ಕಟ್ಟಿ. ಕೆಳಗಿನಿಂದ ಇನ್ನೊಂದು ಹಗ್ಗ ಬಿಗಿಯದಿದ್ದರೆ ಗಾಳಿಗೆ ತೂಗಾಡಿ ಕಂಬಕ್ಕೆ ಬಡಿಯುತ್ತದೆ. ಕಂಬದಿಂದ ಎಷ್ಟು ದೂರ ಎಂಬುದನ್ನು ಅಳತೆಪಟ್ಟಿ ಹಿಡಿದೇ ನೋಡಿ: 15 ಸೆಂ.ಮೀ. ದಪ್ಪದ ಕಂಬ ಒಂದೂವರೆ ಮೀಟರ್ ದೂರದಲ್ಲಿದ್ದರೆ ಸುಮಾರು 6 ಡಿಗ್ರಿ ಮರೆಮಾಡುತ್ತದೆ, ಅರ್ಧ ಮೀಟರಿನಲ್ಲಿದ್ದರೆ 17 ಡಿಗ್ರಿ. ಹಿಂದಿನಿಂದ ಬರುವವನು ಡಿಕ್ಕಿ ಹೊಡೆಯಲು ಆ ಕತ್ತಲೆಯ ಪಟ್ಟಿ ಸಾಕು. ತುದಿಯ ದೀಪ ಆರಿಸಿಯೇ ಇರಲಿ, ಇದು ಕೆಟ್ಟರೆ ಬಳಸಲು. ಒಂದರ ಮೇಲೊಂದು ಎರಡು ಬಿಳಿ ದೀಪ ಉರಿದರೆ ನೋಡುವವನಿಗೆ ಗೊಂದಲ.

ಇನ್ನು ಕರೆಂಟು. ಕಾರವಾರದಲ್ಲಿ ಡಿಸೆಂಬರ್ ರಾತ್ರಿ ಹತ್ತಿರಹತ್ತಿರ 13 ಗಂಟೆ. 12 ವೋಲ್ಟಿನ 10 ವ್ಯಾಟ್ ಹಳೆಯ ಬಲ್ಬು ಅಷ್ಟರಲ್ಲಿ ಸುಮಾರು 11 ಆಂಪಿಯರ್-ಗಂಟೆ ತಿನ್ನುತ್ತದೆ, 2 ವ್ಯಾಟ್ ಎಲ್‌ಇಡಿ ಎರಡು ಚಿಲ್ಲರೆ. ಎಲ್‌ಇಡಿಯೇ ಸರಿ, ಆದರೆ 10ರಿಂದ 30 ವೋಲ್ಟ್ ತಡೆಯುವಂಥದ್ದನ್ನೇ ಕೊಳ್ಳಿ. ಎಂಜಿನ್ ಬ್ಯಾಟರಿಗೆ ಚಾರ್ಜ್ ಮಾಡುವಾಗ ವೋಲ್ಟೇಜು 14.4ರವರೆಗೆ ಏರುತ್ತದೆ, ಅಗ್ಗದ್ದು ಸುಟ್ಟುಹೋಗಬಹುದು. ತಂತಿ ತವರ ಲೇಪಿಸಿದ 1.5 ಚದರ ಮಿ.ಮೀ., ಫ್ಯೂಸು 3 ಆಂಪಿಯರ್. ಎಷ್ಟೋ ಸಲ ದೀಪ ಕೆಡುವುದು ಬಲ್ಬಿನಿಂದಲ್ಲ, ಡೆಕ್ಕಿನ ಮೇಲಿನ ಪ್ಲಗ್ಗಿನಿಂದ. ತೆರೆದು ನೋಡಿದರೆ ಪಿನ್ನಿನ ಬುಡದಲ್ಲಿ ಹಸಿರು ಹುಡಿ ಕಟ್ಟಿರುತ್ತದೆ. ಕೆರೆದು ತೆಗೆದು ಗ್ರೀಸ್ ಹಚ್ಚಿ, ಜೋಡಣೆಗೆ ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ.

ಕೆಲವು ಎಲ್‌ಇಡಿಗಳು ದೋಣಿಗಳು ಮಾತಾಡಿಕೊಳ್ಳುವ ವಿಎಚ್‌ಎಫ್ ರೇಡಿಯೋಗೆ ಅಡ್ಡಿ ಮಾಡುತ್ತವೆ. ದೀಪ ಆರಿಸಿ, ಯಾರೂ ಮಾತಾಡದ ಚಾನೆಲ್ಲಿನಲ್ಲಿ ಸ್ಕ್ವೆಲ್ಚ್ ಗುಂಡಿಯನ್ನು (ಖಾಲಿ ಚಾನೆಲ್ಲಿನ ಸುಯ್ ಸದ್ದು ಅಡಗಿಸುವುದು) ಆ ಸದ್ದು ಈಗಷ್ಟೇ ನಿಲ್ಲುವಷ್ಟು ತಿರುಗಿಸಿ, ದೀಪ ಹಚ್ಚಿ. ಮತ್ತೆ ಸುಯ್ ಎಂದರೆ ಆ ದೀಪ ಬೇಡ.

ತೋಟಕ್ಕೆ ಚುಚ್ಚುವ ಸೋಲಾರ್ ದೀಪವನ್ನು ನಂಬಬೇಡಿ. ಮಂಕಾಗುವುದು ಮೂರು ಗಂಟೆಗೆ, ನಾಡದೋಣಿ ಹೊರಡುವುದು ನಾಲ್ಕಕ್ಕೆ. ಮಿಣುಕುವ ಸ್ಟ್ರೋಬ್ ಹಚ್ಚಬಾರದೆಂದು ನಿಯಮವೇ ಹೇಳುತ್ತದೆ. ತಾನೇ ಹತ್ತುವ ಸೆನ್ಸರ್ ದೀಪ, ಪಕ್ಕದ ಬೋಟಿನವರು ಸರ್ಚ್‌ಲೈಟ್ ಹಾಯಿಸಿದರೆ ಬೆಳಗಾಯಿತೆಂದು ಆರಿಬಿಡಬಹುದು.

ಬಂದರಿನ ಹತ್ತಿರ ದಡದ ದೀಪಗಳ ಸಾಲಿನಲ್ಲಿ ಒಂಟಿ ಬಿಳಿ ಚುಕ್ಕೆ ಕರಗಿಹೋಗುತ್ತದೆ. ಅಲ್ಲಿ ಬೂಮಿನ (ಹಾಯಿಯ ಬುಡದ ಅಡ್ಡಗಳು) ಕೆಳಗೆ ಡೆಕ್ಕಿನ ಕಡೆ ಮುಖ ಮಾಡಿದ ಒಂದೆರಡು ವ್ಯಾಟ್ ಬಿಳಿ ದೀಪ ಹಚ್ಚಿಡಿ, ನಿಯಮದ ಅಭ್ಯಂತರವಿಲ್ಲ. ಆಗ ಅವನಿಗೆ ಬರಿ ದೀಪವಲ್ಲ, ದೋಣಿಯ ಆಕಾರವೇ ಕಾಣುತ್ತದೆ.

ಕತ್ತಲಾದ ಮೇಲೆ ಚಿಕ್ಕದೋಣಿಯಲ್ಲಿ 200 ಮೀಟರ್ ಆಚೆ ಹೋಗಿ, ಕೂತೇ ಒಂದು ಸುತ್ತು ನೋಡಿ ಬನ್ನಿ. ಸುತ್ತಿನಲ್ಲಿ ಎಲ್ಲಾದರೂ ದೀಪ ಕಂಬದ ಕಿರಿದಾದ ಮರೆಗಿಂತ ಹೆಚ್ಚು ಮಾಯವಾದರೆ ದೀಪದ ಹಗ್ಗ ಇನ್ನೊಂದು ಮೊಳ ಮುಂದಕ್ಕೆ.