ಹೊಗೆಸೊಪ್ಪಿನ ಒಟ್ಟಲಿನಿಂದ ಕಲಿತ ಪೆಟೂನಿಯಾ ಪಾಠ: ನನ್ನ ಅನುಭವ

ನಮ್ಮ ಮಾವನವರ ಊರು ಪಿರಿಯಾಪಟ್ಟಣದ ಕಡೆ. ಹತ್ತಾರು ವರ್ಷ ಹೊಗೆಸೊಪ್ಪು ಬೆಳೆದವರು. ಮೈಸೂರಿನ ನಮ್ಮ ಮನೆಯಲ್ಲಿ ನಾನು ಬೀಜದಿಂದ ಪೆಟೂನಿಯಾ ಮಾಡುವುದನ್ನು ಕಲಿತದ್ದು ಅವರಿಂದ. ಅವರು ಆ ಹೂವಿನ ಹೆಸರನ್ನೂ ಕೇಳಿರಲಿಲ್ಲ. ನರ್ಸರಿಯಿಂದ ತಂದಿದ್ದ ಒಂದು ಗಿಡದ ಎಲೆ ಮುಟ್ಟಿದರು. ಬೆರಳಿಗೆ ಅಂಟಂಟು. ‘ಇದು ನಮ್ಮ ಹೊಗೆಸೊಪ್ಪಿನ ಪೈಕಿನೇ ಕಣಮ್ಮ’ ಅಂದರು.

ಅವರು ಹೇಳಿದ್ದು ನಿಜ. ಎರಡೂ ಬದನೆ, ಟೊಮೆಟೊ ಕುಟುಂಬಕ್ಕೆ ಸೇರಿದ ಗಿಡಗಳು, ಎರಡರ ಮೂಲವೂ ದಕ್ಷಿಣ ಅಮೆರಿಕ. ಅಲ್ಲಿನ ಜನ ಹೊಗೆಸೊಪ್ಪಿಗೆ ‘ಪೆಟುನ್’ ಎನ್ನುತ್ತಿದ್ದರಂತೆ, ಪೆಟೂನಿಯಾ ಎಂಬ ಹೆಸರು ಬಂದದ್ದೇ ಅದರಿಂದ.

ಮಾವ ಹೇಳಿಕೊಡುವ ಮೊದಲು ಎರಡು ವರ್ಷ ನನ್ನ ಬೀಜವೆಲ್ಲ ಹಾಳಾಗಿತ್ತು. ಮೊದಲ ವರ್ಷ ಅವರೆಕಾಳು ಹಾಕಿದ ಹಾಗೆ ಅರ್ಧ ಇಂಚು ಮಣ್ಣು ಮುಚ್ಚಿದ್ದೆ. ಒಂದೂ ಹುಟ್ಟಲಿಲ್ಲ. ಎರಡನೇ ವರ್ಷ ಮೇಲೆಯೇ ಉದುರಿಸಿದೆ, ಆದರೆ ಚೊಂಬಿನಲ್ಲಿ ನೀರು ಹುಯ್ದೆ. ಬೀಜವೆಲ್ಲ ತೇಲಿಹೋಗಿ ಒಂದು ಮೂಲೆ ಸೇರಿತು. ಅಲ್ಲಿ ಹಸಿರು ಪಾಚಿಯ ಹಾಗೆ ಒತ್ತೊತ್ತಾಗಿ ಹುಟ್ಟಿಕೊಂಡಿತು. ಮೂರೇ ದಿನಕ್ಕೆ ಬುಡ ಕೊಳೆತು ಎಲ್ಲ ಮಲಗಿಬಿಟ್ಟವು. ಆ ಬೆಳಿಗ್ಗೆ ನನಗೆ ಅಳುವೇ ಬಂದಿತ್ತು.

ಪೆಟೂನಿಯಾ ಬೀಜ ಎಷ್ಟು ಸಣ್ಣದು ಅಂದರೆ ಒಂದು ಗ್ರಾಂಗೆ ಸುಮಾರು 10,000 ಬೀಜ. ಹೊಗೆಸೊಪ್ಪಿನ ಬೀಜವೂ ಹೀಗೆಯೇ, ದೂಳು. ಮಾವ ನನ್ನ ಪೆಟೂನಿಯಾ ಬೀಜ ನೋಡಿದ ಕೂಡಲೇ ಒಂದು ಹಿಡಿ ಸಣ್ಣ ಮರಳು ಕೇಳಿದರು. ಬೀಜವನ್ನು ಒಣ ಮರಳಿಗೆ ಬೆರೆಸಿ, ರಂಗೋಲಿ ಪುಡಿ ಉದುರಿಸುವ ಹಾಗೆ ಎರಡು ಬೆರಳಲ್ಲಿ ಉದುರಿಸಿದರು. ‘ಮಣ್ಣು ಮುಚ್ಚಬೇಡ. ನೀರನ್ನೂ ಮೇಲಿಂದ ಹುಯ್ಯಬೇಡ’ ಅಂದರು. ಊರಿನ ಒಟ್ಟಲಲ್ಲಿ, ಅಂದರೆ ಸಸಿ ಎಬ್ಬಿಸುವ ಮಡಿಯಲ್ಲಿ, ಅವರು ತೆಳ್ಳಗೆ ಹುಲ್ಲು ಹೊದಿಸಿ, ಸಣ್ಣ ತೂತುಗಳ ಮೂತಿಯ ರೋಸ್ ಕ್ಯಾನ್‌ನಲ್ಲಿ ನೀರು ಕೊಡುತ್ತಿದ್ದರು. ಈ ಬೀಜ ಮೊಳೆಯಲು ಬೆಳಕು ಬೇಕು, ಅದಕ್ಕೇ ನಾನು ಹುಲ್ಲಿನ ಬದಲು ಪಾರದರ್ಶಕ ಮುಚ್ಚಳ ಇಟ್ಟೆ. ಸಿಹಿತಿಂಡಿ ಬರುವ ಪ್ಲಾಸ್ಟಿಕ್ ಡಬ್ಬಿ ಇದಕ್ಕೆ ತುಂಬಾ ಚೆನ್ನಾಗಿ ಆಗುತ್ತದೆ. ತಳಕ್ಕೆ ಏಳೆಂಟು ತೂತು ಹಾಕಿದರೆ ಮುಗಿಯಿತು.

ಡಬ್ಬಿಗೆ ತುಂಬುವುದು ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ. ಕೊಕೊಪೀಟನ್ನು ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ ಉಪ್ಪಿನಂಶ ತೆಗೆಯಲೇಬೇಕು. ತುಂಬಿದ ಮೇಲೆ ಡಬ್ಬಿಯನ್ನು ತಟ್ಟೆ ನೀರಿನಲ್ಲಿ ಇಡುತ್ತೇನೆ. ತಳದಿಂದ ತೇವ ಏರಿ ಮೇಲ್ಭಾಗ ಕಪ್ಪಾದ ಕೂಡಲೇ ಎತ್ತಿಬಿಡುತ್ತೇನೆ. ಆಮೇಲೆ ಬೀಜ. ಮೊದಲ ಇಪ್ಪತ್ತು ದಿನ ನೀರು ಕೊಡುವುದೂ ಹೀಗೆಯೇ, ತಳದಿಂದ. ಪೆಟೂನಿಯಾ ಸಸಿ ಸಾಯುವುದು ಬಿಸಿಲಿಗಿಂತ ನಮ್ಮ ಕೈಯ ನೀರಿಗೆ ಜಾಸ್ತಿ.

ನಾನು ಬೀಜ ಹಾಕುವುದು ಆಯುಧಪೂಜೆ ಮುಗಿದ ವಾರ. ಜೋರು ಮಳೆ ಅಷ್ಟರಲ್ಲಿ ಕಡಿಮೆಯಾಗಿರುತ್ತದೆ. ದಸರಾ ಫಲಪುಷ್ಪ ಪ್ರದರ್ಶನದಲ್ಲಿ, ಕುಪ್ಪಣ್ಣ ಪಾರ್ಕಿನಲ್ಲಿ ಪೆಟೂನಿಯಾ ನೋಡಿ ಆಸೆಪಟ್ಟು ನಾನೂ ಒಮ್ಮೆ ಜುಲೈನಲ್ಲೇ ಹಾಕಿದ್ದೆ. ಮೇಲೆ ಸೂರಿಲ್ಲದ ನನ್ನ ತಾರಸಿಯಲ್ಲಿ ದೊಡ್ಡ ಹೂವೆಲ್ಲ ಮಳೆಗೆ ಒದ್ದೆ ಕಾಗದದ ಹಾಗೆ ಜೋತುಬಿದ್ದವು. ಈಗ ಆ ಕೆಲಸಕ್ಕೆ ಹೋಗುವುದಿಲ್ಲ.

ನೆರಳಿನ, ಆದರೆ ಒಳ್ಳೆಯ ಬೆಳಕಿರುವ ಕಿಟಕಿಯ ಬಳಿ ಡಬ್ಬಿ ಇಟ್ಟರೆ ಏಳರಿಂದ ಹತ್ತು ದಿನದಲ್ಲಿ ಮೊಳಕೆ. ಕನ್ನಡಕ ಹಾಕಿಕೊಂಡೇ ನೋಡಬೇಕು, ಅಷ್ಟು ಚಿಕ್ಕದು! ಮೊಳಕೆ ಕಂಡ ದಿನವೇ ಮುಚ್ಚಳ ಸ್ವಲ್ಪ ಸರಿಸುತ್ತೇನೆ, ಮೂರು ದಿನದಲ್ಲಿ ಪೂರ್ತಿ ತೆಗೆಯುತ್ತೇನೆ. ಗಾಳಿ ಆಡದಿದ್ದರೆ ಬುಡ ಕೊಳೆಯುವ ರೋಗ ಖಂಡಿತ. ಆಮೇಲೆ ಬೆಳಗಿನ ಎಳೆಬಿಸಿಲು. ಬೆಳಕು ಸಾಲದಿದ್ದರೆ ಸಸಿ ದಾರದ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತದೆ.

ಸುಮಾರು ನಾಲ್ಕು ವಾರಕ್ಕೆ ಮೊದಲು ಬರುವ ಎರಡು ಬೀಜದೆಲೆ ಬಿಟ್ಟು ಮೂರು ನಿಜವಾದ ಎಲೆ ಬಂದಿರುತ್ತವೆ. ಆಗ ಊದುಬತ್ತಿ ಕಡ್ಡಿಯಿಂದ ಬೇರಿನ ಸಮೇತ ಎಬ್ಬಿಸಿ, ಎಲೆ ಹಿಡಿದು, ಕಾಂಡ ಮುಟ್ಟದೆ, ಪೇಪರ್ ಲೋಟಗಳಿಗೆ ಬದಲಾಯಿಸುತ್ತೇನೆ. ವಾರಕ್ಕೊಮ್ಮೆ ಲೀಟರ್ ನೀರಿಗೆ ಒಂದು ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು).

ಕುಡಿ ಚಿವುಟುವಾಗ ಮಾವನಿಗೂ ನನಗೂ ಒಂದು ಚರ್ಚೆಯೇ ಆಯಿತು. ಹೊಗೆಸೊಪ್ಪಿನಲ್ಲಿ ಹೂವಿನ ಕುಡಿ ಮುರಿದ ಮೇಲೆ ಎಲೆಯ ಕಂಕುಳಲ್ಲಿ ಬರುವ ಚಿಗುರನ್ನೂ ಕಿತ್ತುಹಾಕುತ್ತಾರೆ, ಎಲೆ ದಪ್ಪಗಾಗಲಿ ಎಂದು. ಅವರ ಕೈ ತಾನಾಗಿಯೇ ಆ ಚಿಗುರಿಗೆ ಹೋಯಿತು. ‘ಮಾವ, ಅದನ್ನ ಬಿಡಿ, ನಮಗೆ ಬೇಕಾಗಿರೋದು ಅದೇ’ ಅಂದೆ. ಸಸಿ ನಾಲ್ಕು ಇಂಚಾದಾಗ ತುದಿ ಚಿವುಟಿದರೆ ಪಕ್ಕದಲ್ಲಿ ನಾಲ್ಕೈದು ರೆಂಬೆ ಒಡೆಯುತ್ತವೆ. ಒಂದೊಂದು ರೆಂಬೆಯೂ ಹೂ ಬಿಡುತ್ತದೆ. ಹೂವು ಹತ್ತು ದಿನ ತಡವಾಗುತ್ತದೆ, ಆಗಲಿ.

ಇನ್ನೊಂದು ಮಾತು ಹೇಳಲು ನನಗೆ ಸಂಕೋಚವಾಗಿತ್ತು. ಮಾವ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ಉಳಿದು, ಕೈಯಿಂದ ಪೆಟೂನಿಯಾಗೆ ದಾಟಬಲ್ಲದು. ಎಲೆ ಮಚ್ಚೆ ಮಚ್ಚೆಯಾಗಿ ಮುರುಟಿದರೆ ಔಷಧಿ ಇಲ್ಲ, ಗಿಡ ಕೀಳಬೇಕು. ಹೇಳಿದೆ. ಅವರಿಗೆ ಆ ರೋಗ ಹೊಲದಲ್ಲಿ ಚೆನ್ನಾಗಿ ಗೊತ್ತು. ಅವತ್ತಿಂದ ಸೋಪಿನಲ್ಲಿ ಕೈ ತೊಳೆಯದೆ ಗಿಡ ಮುಟ್ಟಿಲ್ಲ.

ಆರೇಳು ವಾರಕ್ಕೆ ಕುಂಡಕ್ಕೆ. ಎಂಟು ಇಂಚಿನದಕ್ಕೆ ಒಂದು, ಹನ್ನೆರಡು ಇಂಚಿನದಕ್ಕೆ ಮೂರು. ಕಾಂಪೌಂಡ್ ಅಂಚಿನ ಪಾತಿಯಲ್ಲಿ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಂತರ. ಆರು ಗಂಟೆ ಬಿಸಿಲು ಬೇಕು. ಪಾತಿಗೆ ಸಣ್ಣ ಹೂವಿನ ಮಲ್ಟಿಫ್ಲೋರಾ ಹಾಕುತ್ತೇನೆ, ಅಕಾಲ ಮಳೆ ಬಂದರೂ ಬೇಗ ಚೇತರಿಸಿಕೊಳ್ಳುತ್ತದೆ. ಅಗಲ ಹೂವಿನ ಗ್ರಾಂಡಿಫ್ಲೋರಾ ಕುಂಡದಲ್ಲಿದ್ದರೆ ಎತ್ತಿ ಒಳಗಿಡಬಹುದು ಅಲ್ವಾ. ಒಮ್ಮೆ ಬೋರ್‌ವೆಲ್ ನೀರು ಹಾಕಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದವು. ಗಡಸು ನೀರಿನಿಂದ ಮಣ್ಣು ಕ್ಷಾರವಾದಾಗ ಬೇರಿಗೆ ಕಬ್ಬಿಣ ಸಿಗುವುದಿಲ್ಲ. ಐರನ್ ಚೀಲೇಟ್ ಲೀಟರಿಗೆ ಅರ್ಧ ಗ್ರಾಂ ಸಿಂಪಡಿಸಿ, ನಲ್ಲಿಯ ನೀರಿಗೆ ಬದಲಾಯಿಸಿದ ಮೇಲೆ ಸರಿಹೋಯಿತು.

ಸಂಕ್ರಾಂತಿ ಹೊತ್ತಿಗೆ ಅಂಗಳ ತುಂಬಾ ಹೂವು. ಬಾಡಿದ ಹೂವನ್ನು ಬರೀ ಎಸಳು ಕಿತ್ತರೆ ಸಾಲದು, ಹಿಂದಿನ ಹಸಿರು ಬುಡದ ಸಮೇತ ತೆಗೆಯಬೇಕು. ಇಲ್ಲದಿದ್ದರೆ ಗಿಡ ಕಾಯಿ ಕಟ್ಟಿಕೊಂಡು ಹೂ ನಿಲ್ಲಿಸುತ್ತದೆ. ಬಿಳಿಯವು ಸಂಜೆಯಾದ ಮೇಲೆ ಘಮ್ಮೆನ್ನುತ್ತವೆ.

ಫೆಬ್ರವರಿಯಲ್ಲಿ ಒಂದೆರಡು ಒಳ್ಳೆಯ ಗಿಡದಲ್ಲಿ ಕಾಯಿ ಬಿಡುತ್ತೇನೆ. ಕಂದು ಬಣ್ಣಕ್ಕೆ ತಿರುಗಿ ಬಿರಿಯುವ ಮುಂಚೆ ಕಿತ್ತು ಕಾಗದದ ಕವರಿಗೆ. ಹೈಬ್ರಿಡ್ ಗಿಡದ ಬೀಜದಿಂದ ಹುಟ್ಟಿದ್ದಕ್ಕೆಲ್ಲ ತಾಯಿಯ ಬಣ್ಣವೇ ಬರುವುದಿಲ್ಲ. ಕಳೆದ ಸಲ ನೇರಳೆಯ ಬೀಜ ಹಾಕಿದರೆ ನೇರಳೆ, ತಿಳಿ ಗುಲಾಬಿ, ಬಿಳಿ ಎಲ್ಲ ಬಂದವು. ಪಾತಿಗೆ ಅದೇ ಚಂದ. ಒಂದು ಕವರ್ ಮಾವ ಊರಿಗೆ ತೆಗೆದುಕೊಂಡು ಹೋದರು. ಹೊಲದ ಹತ್ತಿರ ಬೇಡ, ವೈರಸ್ ಅಲ್ಲಿಂದ ಇಲ್ಲಿಗೆ ದಾಟುತ್ತದೆ ಎಂದು ಅವರೇ ಹೇಳಿ, ಮನೆಯ ಜಗಲಿ ಮೇಲೆ ಹಳೆಯ ಬಕೆಟ್‌ಗಳಲ್ಲಿ ಬೆಳೆಸಿದ್ದಾರೆ.